ಗಿರಿಜೆಯ ಕಾಲಿಗೆ ಮೀನಿನೆಣ್ಣೆ

ಇದರಲ್ಲಿ ಎಷ್ಟು ನಿಜವಾಗಿ ನಡೆದದ್ದು, ಎಷ್ಟು ನಾನು ಹೇಳಿ ಹೇಳಿ ಬೆಳೆಸಿದ್ದು ಎಂದು ನನಗೇ ಖಚಿತವಿಲ್ಲ. ವರ್ಷದ ಬಗ್ಗೆ ಮಾತ್ರ ಅನುಮಾನವಿಲ್ಲ. ೧೯೪೪, ನಮ್ಮ ಎರಡನೆಯ ಮಗಳು ಹುಟ್ಟಿದ ವರ್ಷ. ಉಳಿದ ವಿಷಯದಲ್ಲಿ ನನ್ನ ಹೆಂಡತಿ ಗಿರಿಜೆ ಈಗಲೂ ನನ್ನನ್ನು ತಿದ್ದುತ್ತಾಳೆ.

ದೇವನಹಳ್ಳಿ ಹತ್ತಿರದ ವಿಜಯಪುರದಲ್ಲಿ ನಮ್ಮದು ರೇಷ್ಮೆ ನೂಲು ತೆಗೆಯುವ ಮನೆ. ಯುದ್ಧದ ಕಾಲ, ಪ್ಯಾರಾಚೂಟಿಗೆ ರೇಷ್ಮೆ ಬೇಕೆಂದು ಗೂಡು ಬೇಯಿಸುವ ಒಲೆ ಆರುತ್ತಲೇ ಇರಲಿಲ್ಲ. ನಾನು ಬೆಂಗಳೂರಿನಲ್ಲಿ ಬಿ.ಎಸ್‌ಸಿ. ಮುಗಿಸಿ, ಯಾವ ಕೆಲಸದಲ್ಲೂ ನೆಲೆ ನಿಲ್ಲದೆ ಊರಿಗೆ ಬಂದಿದ್ದೆ. ಗಿರಿಜೆ ದಿನವಿಡೀ ನಿಂತು ಚರಕ ತಿರುಗಿಸುತ್ತಿದ್ದಳು. ಎರಡನೆಯ ಬಸುರಿನಲ್ಲಿ ಅವಳ ಎಡಗಾಲಿನ ನರಗಳು ನೀಲಿಗಟ್ಟಿ ಉಬ್ಬಿಕೊಂಡವು. ಊತ ತೊಡೆಯನ್ನೂ ದಾಟಿ, ಯಾರಿಗೂ ಹೇಳಿಕೊಳ್ಳಲಾಗದ ಜಾಗದವರೆಗೆ ಹೋಗಿತ್ತು. ನನಗೂ ಅವಳು ಹೇಳಿರಲಿಲ್ಲ. ಎಣ್ಣೆ ಹಚ್ಚಿ ನೀರು ಹಾಕುವಾಗ ನನ್ನ ಅವ್ವನ ಕಣ್ಣಿಗೆ ಬಿತ್ತು.

ನನ್ನ ಅಕ್ಕ ಚೊಚ್ಚಲ ಹೆರಿಗೆಯಲ್ಲಿ ರಕ್ತ ನಿಲ್ಲದೆ ತೀರಿಕೊಂಡಿದ್ದಳು. ಅವ್ವ ಅವತ್ತೇ ಗಿರಿಜೆಯನ್ನು ಚರಕದಿಂದ ಬಿಡಿಸಿದಳು.

ದೇವನಹಳ್ಳಿಗೆ ಆಗ ಬೆಂಗಳೂರಿನಿಂದ ವಾರಕ್ಕೊಮ್ಮೆ ಒಬ್ಬ ಲೇಡಿ ಡಾಕ್ಟರ್ ಬರುತ್ತಿದ್ದರು. ಪೆಟ್ರೋಲ್ ಸಿಗದ ಕಾಲದ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಮೂವರೂ ಹೋದೆವು. ಒಳಗೆ ಪರೀಕ್ಷೆ ಮಾಡಿ ನಮ್ಮನ್ನು ಕರೆದ ಡಾಕ್ಟರಮ್ಮ ಸುತ್ತಿಬಳಸಲಿಲ್ಲ.

"ಹೆರಿಗೆ ಹೊತ್ತಲ್ಲಿ ಈ ನರ ಒಡೆದ್ರೆ ರಕ್ತ ನಿಲ್ಲಿಸೋದು ಕಷ್ಟ. ಈಗ್ಲೇ ಕಾಲಿನ ನರಕ್ಕೆ ಇಂಜೆಕ್ಷನ್ ಕೊಡೋಣ. ಮದ್ದು ನರದ ಒಳಗೋಡೆನ ಕೆರಳಿಸಿ ಒಂದಕ್ಕೊಂದು ಅಂಟಿಸಿಬಿಡುತ್ತೆ. ನರ ಮುಚ್ಕೊಳ್ಳುತ್ತೆ, ರಕ್ತ ಬೇರೆ ದಾರಿ ಹಿಡಿಯುತ್ತೆ. ಮೇಲಿನ ಊತಾನೂ ಇಳಿಯುತ್ತೆ."

"ಆ ಮದ್ದನ್ನ ಯಾವುದರಿಂದ ಮಾಡ್ತಾರೆ?" ಎಂದೆ. ಎಲ್ಲದಕ್ಕೂ ಪ್ರಶ್ನೆ ಹಾಕುವುದು ಆಗಿನ ನನ್ನ ಚಟ.

"ಮೀನಿನ ಎಣ್ಣೆಯಿಂದ. ಕ್ವಿನೈನಿಂದೂ ಒಂದಿದೆ. ಬಸುರಿ ಹೆಂಗಸಿಗೆ ಅದು ಬೇಡ. ಈ ಯುದ್ಧದಲ್ಲಿ ಸಿಗೋದೂ ಇಲ್ಲ."

ಗಿರಿಜೆ ಸೆರಗು ಹೊದ್ದು ಎದ್ದೇಬಿಟ್ಟಳು. "ಬ್ಯಾಡ. ಕೊರಳಲ್ಲಿ ಲಿಂಗ ಕಟ್ಕೊಂಡು ಮೀನೆಣ್ಣೆನ ಮೈಯೊಳಕ್ಕೆ ಬಿಟ್ಕೊಳ್ಳಾ?"

"ದಿನಾ ಬಾಣಲೆ ತುಂಬ ಹುಳ ಬೇಯಿಸ್ತೀರಿ, ಮೀನು ಅಂದ್ರೆ ಮಾತ್ರ ಮೈಲಿಗೆಯಾ?" ಎಂದೆ.

"ನೀನು ಓದಿದ್ದು ಸಾಕು, ಬಾಯಿ ಮುಚ್ಕೊಂಡಿರು" ಎಂದಳು ಅವ್ವ. "ಹುಳ ಬೇಯ್ಸೋದು ಹೊಟ್ಟೆಪಾಡಿಗೆ ಕಣೋ, ತಿನ್ನಾಕಲ್ಲ."

ಆಮೇಲೆ ಅವ್ವ ಡಾಕ್ಟರಮ್ಮನ ಕಡೆ ನೋಡಿದಳು. ಅವಳ ಕೈ ತನ್ನ ಲಿಂಗದ ಮೇಲಿತ್ತೆಂದು ನನ್ನ ನೆನಪು. ಇಲ್ಲ, ಆ ಕೈ ತನ್ನ ಕೈಯನ್ನು ಹಿಡಿದಿತ್ತು ಎನ್ನುತ್ತಾಳೆ ಗಿರಿಜೆ.

"ತಾಯೀ, ಬಾಯಿಗೆ ಹಾಕೋದೇನೂ ಇಲ್ವಲ್ಲ?"

"ಇಲ್ಲಮ್ಮ, ಕಾಲಿಗಷ್ಟೇ."

"ಹಂಗಾದ್ರೆ ಹಾಕಿ." ಅವ್ವ ಸೊಸೆಯ ಕಡೆ ತಿರುಗಿದಳು. "ಒಬ್ಬಳ್ನ ಮಣ್ಣು ಮಾಡಿದೀನಿ, ಸಾಕು. ಪಾಪ ಬಂದ್ರೆ ನಂಗಿರ್ಲಿ. ನೀನು ಕೂತ್ಕೊ."

ಗಿರಿಜೆ ಕೂತಳು.

ಇಂಜೆಕ್ಷನ್ ಕೊಟ್ಟ ಕಾಲಿಗೆ ಬೆರಳಿನಿಂದ ತೊಡೆಯವರೆಗೆ ಬಿಗಿಯಾಗಿ ಪಟ್ಟಿ ಸುತ್ತಬೇಕು, ಅದೂ ಬೆಳಿಗ್ಗೆ ಕಾಲು ನೆಲಕ್ಕೆ ಇಡುವ ಮುಂಚೆಯೇ ಎಂದು ಡಾಕ್ಟರಮ್ಮ ಹೇಳಿಕಳಿಸಿದ್ದರು. ಹೊಟ್ಟೆ ಬಂದವಳಿಗೆ ಬಗ್ಗಲಾಗದು. ನಾನು ಸುತ್ತಿದೆ. ಅವಳು ಅಡುಗೆಮನೆ ತಲುಪುವಷ್ಟರಲ್ಲಿ ಅದು ಪಾದಕ್ಕೆ ಜಾರಿ ಬಿತ್ತು.

"ನೂಲು ಸುತ್ತೋ ಮನೇಲಿ ಹುಟ್ಟಿ ಒಂದು ಪಟ್ಟಿ ಸುತ್ತಾಕ್ಕೆ ಬರಾಕಿಲ್ವಲ್ಲೋ ನಿಂಗೆ!" ಎನ್ನುತ್ತಾ ಅವ್ವ ಮಂಚದ ಪಕ್ಕ ನೆಲದ ಮೇಲೆ ಕೂತು ಗಿರಿಜೆಯ ಪಾದವನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

ಗಿರಿಜೆ ಕಾಲು ಎಳೆದುಕೊಂಡಳು. "ಅಯ್ಯೋ ಅತ್ತೆಮ್ಮ, ನನ್ನ ಕಾಲು ನೀವು ಮುಟ್ಟೋದಾ!"

ನಮ್ಮ ಕಡೆ ಸೊಸೆ ಅತ್ತೆಯ ಕಾಲು ಮುಟ್ಟಬೇಕೇ ಹೊರತು ಅತ್ತೆ ಸೊಸೆಯ ಕಾಲು ಮುಟ್ಟುವುದುಂಟೆ? ಅವ್ವ ಜಗ್ಗಲಿಲ್ಲ. ಪಟ್ಟಿ ಸುತ್ತಿ ಮುಗಿಸಿ ಎದ್ದವಳು, ಬಾಗಿಲಿನ ಚೌಕಟ್ಟು ಹಿಡಿದುಕೊಂಡು ತನ್ನ ಬಲಗಾಲನ್ನು ಎತ್ತಿ ಮಂಚದ ಅಂಚಿನ ಮೇಲಿಟ್ಟಳು.

"ತಗೋ, ಮುಟ್ಟಿ ನಮಸ್ಕಾರ ಮಾಡ್ಕೊ. ನಿಂದು ನಂದು ಸರಿಹೋಯ್ತು. ಬೇಗ ಮಾಡು, ಬಿದ್ದುಬಿಟ್ಟೇನು."

ಗಿರಿಜೆ ಕೂತಲ್ಲಿಂದಲೇ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಇಬ್ಬರೂ ನಕ್ಕರು. ಹೆರಿಗೆಯವರೆಗೂ ಪ್ರತಿ ಬೆಳಿಗ್ಗೆ ಇದು ನಡೆಯಿತೆಂದು ನನ್ನ ನೆನಪು. ಮೊದಲ ಕೆಲವು ದಿನ ಮಾತ್ರ, ಆಮೇಲೆ ಇಬ್ಬರಿಗೂ ಅಭ್ಯಾಸವಾಗಿ ನಮಸ್ಕಾರ ನಿಂತುಹೋಯಿತು ಎನ್ನುತ್ತಾಳೆ ಗಿರಿಜೆ. ಇರಬಹುದು.

ಉಬ್ಬಿದ್ದ ನರ ಕೆಲವು ವಾರಗಳಲ್ಲಿ ದಾರದಂತೆ ಗಟ್ಟಿಯಾಯಿತು. ಮೇಲಿನ ಊತ ಪೂರ್ತಿ ಅಲ್ಲದಿದ್ದರೂ ಇಳಿಯಿತು. ಹೆರಿಗೆ ದೇವನಹಳ್ಳಿಯಲ್ಲೇ ಆಯಿತು. ಅವ್ವ ಹೊರಗೆ ಜಗಲಿಯಲ್ಲಿ ನಿಂತೇ ಇದ್ದಳು, ಕೂರು ಎಂದರೂ ಕೂರಲಿಲ್ಲ.

ಡಾಕ್ಟರಮ್ಮ ಹೊರಗೆ ಬಂದು "ಹೆಣ್ಣು" ಎಂದರು.

"ಗಿರಿಜೆ?"

"ಚೆನ್ನಾಗಿದಾಳೆ. ರಕ್ತ ಹೆಚ್ಚೇನೂ ಹೋಗ್ಲಿಲ್ಲ. ಆಗ್ಲೇ ಕಾಫಿ ಕೇಳ್ತಿದಾಳೆ."

ಆಗ ಅವ್ವ ಮೆಟ್ಟಿಲ ಮೇಲೆ ಕೂತಳು. ಅತ್ತಳೋ, ನಕ್ಕಳೋ ಹೇಳಲಾರೆ. ಮುಖಕ್ಕೆ ಸೆರಗು ಮುಚ್ಚಿಕೊಂಡಿದ್ದಳು.

ಅವ್ವ ಈಗಿಲ್ಲ. ಈ ಕತೆಯನ್ನು ಒಮ್ಮೆ ಹೇಳಿದಾಗ ನನ್ನ ಕಾಲೇಜು ಗೆಳೆಯನೊಬ್ಬ ನಕ್ಕುಬಿಟ್ಟ. "ಮೀನೆಣ್ಣೆನ ಯಾರಾದ್ರೂ ನರಕ್ಕೆ ಚುಚ್ತಾರೇನಯ್ಯಾ? ನಿನ್ನ ಪ್ರಶ್ನೆ ತಡೀಲಾರದೆ ಡಾಕ್ಟರಮ್ಮ ತಮಾಷೆ ಮಾಡಿರ್ಬೇಕು." ಆ ಮಾತು ನನ್ನನ್ನು ಬಹಳ ಕಾಲ ಕೊರೆಯಿತು. ಅದು ತಮಾಷೆಯಾಗಿದ್ದರೆ ಪಾಪ ತನಗಿರಲಿ ಎಂದು ಅವ್ವ ಅಂದು ಮೀರಿದ್ದಾದರೂ ಏನನ್ನು?

ಕಡೆಗೆ ಪರಿಚಯದ ಡಾಕ್ಟರೊಬ್ಬರನ್ನು ಕೇಳಿದೆ. ಅವರು ತಮ್ಮ ಹಳೆಯ ಔಷಧಶಾಸ್ತ್ರದ ಪುಸ್ತಕ ತೆಗೆದು ತೋರಿಸಿದರು. ಸೋಡಿಯಂ ಮಾರುಯೇಟ್, ಉಬ್ಬಿದ ನರಗಳನ್ನು ಮುಚ್ಚಲು ಬಳಸುವ ಮದ್ದು. ಕಾಡ್ ಎಂಬ ಸಮುದ್ರದ ಮೀನಿನ ಯಕೃತ್ತಿನ ಎಣ್ಣೆಯಿಂದ ತಯಾರಿಸಿದ್ದು. ಡಾಕ್ಟರಮ್ಮ ತಮಾಷೆ ಮಾಡಿರಲಿಲ್ಲ. ಅವ್ವ ಅಂದು ಒಪ್ಪಿಕೊಂಡದ್ದು ನಿಜವಾದ ಮೀನನ್ನೇ.