ಚೀನೀ ಎಲಚಿ ತರಲು ಹೋದ ದಿನ

ಅಮೆರಿಕದ ಸಿಯಾಟಲ್ ಹತ್ತಿರದ ಮಿಲ್ ಕ್ರೀಕ್‌ನ ಮನೆಯಿಂದ ನಾವು ಹೊರಟಾಗ ಬೆಳಗಿನ ಹತ್ತು ಗಂಟೆ. ಏಪ್ರಿಲ್ ಬಂದರೂ ಚಳಿ ಬಿಟ್ಟಿರಲಿಲ್ಲ, ಜೊತೆಗೆ ಜಿಟಿಜಿಟಿ ಮಳೆ. ಇಲ್ಲಿಯವರು ಇಂಥ ಮಳೆಗೆ ಕೊಡೆ ಹಿಡಿಯುವುದಿಲ್ಲ. ನಾನು ಹಿಡಿದೆ. ಪಕ್ಕದಲ್ಲಿ ನನ್ನ ಅಣ್ಣನ ಮಗಳು ಮೇಘನಾ, ಎರಡೂವರೆ ತಿಂಗಳ ಬಾಣಂತಿ. ಅವಳನ್ನು ಕರೆದುಕೊಂಡು ಹೋಗುವ ಯೋಚನೆ ನನಗೆ ಖಂಡಿತ ಇರಲಿಲ್ಲ.

ಅವಳ ಬಾಣಂತನಕ್ಕೆಂದೇ ನಾನು ಮೈಸೂರಿನಿಂದ ಬಂದಿದ್ದೆ. ಎಣ್ಣೆ ನೀರು, ಮೆಣಸಿನ ಸಾರು, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಹೊಸಿಲು ದಾಟಕೂಡದೆಂಬ ಕಟ್ಟಪ್ಪಣೆ, ಹೀಗೆ ನನ್ನಮ್ಮ ನನಗೆ ಮಾಡಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದೆ. ಮಗು ಗುಂಡುಗುಂಡಗಾಯಿತು. ತಾಯಿ ಮಾತ್ರ ಸೊರಗುತ್ತಾ ಹೋದಳು. ಮಗು ಮಲಗಿದರೂ ಇವಳಿಗೆ ನಿದ್ದೆಯಿಲ್ಲ, ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, ಗಾಬರಿಪಡುವಂಥದ್ದೇನಿಲ್ಲ, ಮುಂದಿನ ವಾರ ಮತ್ತೆ ಬನ್ನಿ ಎಂದಿದ್ದರು. ನಾನು ಊರಿಗೆ ಹೊರಡಲು ಎರಡೇ ವಾರ ಉಳಿದಿತ್ತು. ಈ ಹುಡುಗಿ ಒಂದು ಸಲವಾದರೂ ಕಣ್ತುಂಬ ನಿದ್ದೆ ಮಾಡುವುದನ್ನು ನೋಡದೆ ಹೇಗೆ ವಿಮಾನ ಹತ್ತಲಿ ಎಂದು ನನಗೆ ಸಂಕಟ.

ದಾರಿ ತೋರಿಸಿದ್ದು ಎದುರು ಮನೆಯ ಚೀನೀ ಅಜ್ಜಿ. ಆಕೆಯೂ ಮಗಳ ಬಾಣಂತನಕ್ಕೇ ಬಂದವಳು. ನಮ್ಮಿಬ್ಬರಿಗೂ ಸಮಾನವಾಗಿ ಬರುತ್ತಿದ್ದ ಭಾಷೆ ಒಂದೂ ಇರಲಿಲ್ಲ, ಫೋನು ಅನುವಾದ ಮಾಡಿ ಹೇಳುತ್ತಿತ್ತು. ಮೇಘನಾಳ ನಿದ್ದೆಯ ಕಥೆ ಕೇಳಿದ ಆಕೆ ಒಳಗೆ ಹೋಗಿ ಒಂದು ಹಿಡಿ ಸುಕ್ಕುಗಟ್ಟಿದ ಕೆಂಪು ಹಣ್ಣು ತಂದು ತೋರಿಸಿದಳು. ನೋಡಿದರೆ ಎಲಚಿ ಹಣ್ಣು! ಸಂಕ್ರಾಂತಿಯಲ್ಲಿ ಮಕ್ಕಳ ತಲೆಯ ಮೇಲೆ ಎರೆಯುತ್ತೇವಲ್ಲ, ಅದರ ದೊಡ್ಡ ಜಾತಿ. ಒಣಗಿಸಿದ್ದನ್ನು ಇಲ್ಲಿ ಕೆಂಪು ಖರ್ಜೂರ ಎನ್ನುತ್ತಾರಂತೆ. ಚೀನೀಯರ ಹಳೇ ವೈದ್ಯದಲ್ಲಿ ಬಾಣಂತಿಗೆ ಇದಿಲ್ಲದೆ ಆಗುವುದೇ ಇಲ್ಲವಂತೆ. ಒಳ್ಳೆಯದು ಬೇಕಾದರೆ ಸಿಯಾಟಲ್‌ನ ಚೈನಾಟೌನ್‌ಗೇ ಹೋಗಬೇಕು ಎಂದಳು.

ನಾನೊಬ್ಬಳೇ ಹೋಗಿಬರುತ್ತೇನೆ ಎಂದು ಸೀರೆ ಉಟ್ಟು ನಿಂತರೆ ಮೇಘನಾ ಕೋಟು ಹಾಕಿಕೊಂಡು ಬಂದಳು.

"ಅತ್ತೆ, ನಾನೂ ಬರ್ತೀನಿ. ಮನೇಲೇ ಕೂತೂ ಕೂತೂ ತಲೆ ಕೆಟ್ಟೋಗಿದೆ."

"ಬಾಣಂತಿ ಈ ಥಂಡಿ ಗಾಳೀಲಿ ಆಚೆ ಹೋಗೋದಾ? ನಿಮ್ಮಜ್ಜಿ ಇದ್ದಿದ್ರೆ ಏನಂತಿದ್ರು ಗೊತ್ತಾ?"

"ಅಜ್ಜಿ ಇದ್ದಿದ್ರೆ ನನಗಿಂತ ಮುಂಚೆ ಟ್ರೈನ್ ಹತ್ತಿರ್ತಿದ್ರು."

ಅವಳ ಗಂಡ ಕಿರಣ ಮಗುವನ್ನು ಹೆಗಲಿಗೆ ಹಾಕಿಕೊಂಡು, "ಹೋಗ್ಬಿಟ್ಟು ಬನ್ನಿ ಅತ್ತೆ. ಇವತ್ತು ನಂಗೆ ರಜಾ, ಪಾಪೂನ ನಾನು ನೋಡ್ಕೋತೀನಿ. ಫ್ರಿಜ್ಜಲ್ಲಿ ಹಾಲಿದೆ" ಎಂದ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ಕಾಣುತ್ತದೆ. ಒಂದರ ಮೇಲೊಂದು ಎರಡು ಸ್ಕಾರ್ಫು ಕಟ್ಟಿಸಿಕೊಂಡರೆ ಮಾತ್ರ ಎಂದು ನಾನೂ ಪಟ್ಟು ಹಿಡಿದೆ. ಕಟ್ಟಿಸಿಕೊಂಡಳು.

ಲಿನ್‌ವುಡ್‌ವರೆಗೆ ಬಸ್ಸು, ಅಲ್ಲಿಂದ ನಮ್ಮ ಮೆಟ್ರೋ ಥರದ ಲೈಟ್ ರೈಲು. ರೈಲಿಗೆ ಎಷ್ಟು ದೂರ ಹೋದರೂ ಮೂರೇ ಡಾಲರು. ಟಿಕೆಟ್ ನೋಡಲು ಗೇಟೂ ಇಲ್ಲ, ಕಾವಲೂ ಇಲ್ಲ, ಕಾರ್ಡು ಮುಟ್ಟಿಸಿ ಹತ್ತುವುದು ಅವರವರ ಮರ್ಯಾದೆ. ಹೆದ್ದಾರಿಯ ಪಕ್ಕದಲ್ಲೇ ಎತ್ತರದ ಹಳಿ. ಕೆಳಗೆ ಕಾರುಗಳು ಸಾಲುಗಟ್ಟಿ ನಿಂತಿದ್ದವು, ನಾವು ಸಲೀಸಾಗಿ ಹೋಗುತ್ತಿದ್ದೆವು. ನನಗೆ ಒಳಗೊಳಗೇ ಖುಷಿಯಾಯಿತು. ಆಮೇಲೆ ಸುರಂಗ. ಮೇಘನಾ ದಾರಿಯುದ್ದಕ್ಕೂ ಫೋನಿನಲ್ಲಿ ಮಗುವಿನ ಫೋಟೋ ನೋಡುತ್ತಾ ಕೂತಿದ್ದಳು. ಮನೆ ಬಿಟ್ಟು ಇನ್ನೂ ಒಂದೂವರೆ ಗಂಟೆಯೂ ಆಗಿರಲಿಲ್ಲ.

ಚೈನಾಟೌನ್‌ನಲ್ಲಿ ಇಳಿದಾಗ ಮಳೆ ನಿಂತಿತ್ತು. ಬಣ್ಣದ ದೊಡ್ಡ ಕಮಾನು ದಾಟಿದರೆ ಬೀದಿಯ ತುಂಬ ಬೇಯುವ ಹಿಟ್ಟಿನ ಹಬೆ. ಹಸಿವಾಗಿತ್ತು. ಒಳಗೆ ಎಲೆಕೋಸು, ಅಣಬೆ ತುಂಬಿ ಹಬೆಯಲ್ಲಿ ಬೇಯಿಸಿದ ಬನ್ನು ತಿಂದೆವು. ನಮ್ಮ ಖಾರದ ಕಡುಬಿನ ಹತ್ತಿರದ ನೆಂಟ, ಆದರೆ ಖಾರ ಸಾಲದು. ಮೇಘನಾ ಎರಡು ತಿಂದಳು. ನಾನು ನೋಡಿಯೂ ನೋಡದ ಹಾಗೆ ಇದ್ದೆ, ಹೇಳಿದರೆ ದೃಷ್ಟಿಯಾಗುತ್ತದೆ. ಆಮೇಲೆ ನಾನು ಬೇಡವೆಂದರೂ ಕೇಳದೆ ಅವಳು ಐಸ್ ಹಾಕಿದ ಚಹಾ ಕೊಂಡಳು.

ಮೂಲಿಕೆ ಅಂಗಡಿಯಲ್ಲಿ ಗೋಡೆಯುದ್ದಕ್ಕೂ ಮರದ ಡ್ರಾಯರುಗಳು, ನಮ್ಮ ಗ್ರಂಧಿಗೆ ಅಂಗಡಿಯದೇ ವಾಸನೆ. ಅಂಗಡಿಯಾಕೆ ನನ್ನ ವಯಸ್ಸಿನವಳೇ. ಮೇಘನಾ ಇಂಗ್ಲಿಷಿನಲ್ಲಿ, ಮಗುವಾಗಿ ಎರಡೂವರೆ ತಿಂಗಳು, ನಿದ್ದೆಯಿಲ್ಲ ಎಂದದ್ದೇ ತಡ, ಆಕೆಯ ಕಣ್ಣು ಇವಳ ಕೈಯಲ್ಲಿದ್ದ ಚಹಾದ ಲೋಟಕ್ಕೆ ಹೋಯಿತು.

"ನೋ ಐಸ್! ನೋ ಐಸ್!" ಎಂದು ಕೂಗಿ, ಲೋಟ ಕಸಿದು ಮೇಜಿನ ಕೆಳಗಿಟ್ಟಳು. ಬದಲಿಗೆ ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿ ಕೊಟ್ಟಳು. ಆಮೇಲೆ ಸ್ಕಾರ್ಫುಗಳನ್ನು ನೋಡಿ, ನನ್ನ ಕಡೆ ತಿರುಗಿ, ಮೆಚ್ಚಿ ಹೆಬ್ಬೆರಳು ಎತ್ತಿದಳು. ಅಮೆರಿಕದಲ್ಲಿ ನನ್ನ ಬಾಣಂತನಕ್ಕೆ ಸಿಕ್ಕ ಮೊದಲ ಶಹಭಾಸ್‌ಗಿರಿ ಅದು. ನನಗೆ ಆಕೆಯನ್ನು ತಬ್ಬಿಕೊಳ್ಳೋಣ ಎನ್ನಿಸಿತು.

"ಇಲ್ಲಿಗೆ ಬಂದ್ರೂ ಇನ್ನೊಬ್ರು ಅತ್ತೆ!" ಎಂದು ಮೇಘನಾ ನಕ್ಕಳು. ಅವಳು ನಕ್ಕು ಎಷ್ಟು ದಿನವಾಗಿತ್ತೋ.

ಅಂಗಡಿಯಾಕೆ ಹೇಳಿದ್ದನ್ನು ಮೇಘನಾ ನನಗೆ ಬಿಡಿಸಿ ಹೇಳಿದಳು. ಈ ಹಣ್ಣು ರಕ್ತಕ್ಕೆ ಒಳ್ಳೆಯದು, ಹೊಟ್ಟೆಗೆ ಬಲ, ಮನಸ್ಸಿನ ಗಡಿಬಿಡಿ ಇಳಿಸುತ್ತದೆ ಎಂದು ಅವರ ಕಡೆ ನಂಬಿಕೆ. ಬೀಜ ತೆಗೆದು ಐದಾರು ಹಣ್ಣನ್ನು ಶುಂಠಿಯ ಜೊತೆ ಕುದಿಸಿ ಸಂಜೆ ಕುಡಿಯಬೇಕು. ಸಕ್ಕರೆ ಕಾಯಿಲೆಯವರು ಜಾಸ್ತಿ ತಿನ್ನಬಾರದು ಎಂದು ನನ್ನ ಮುಖ ನೋಡಿಯೇ ಹೇಳಿದಳು. ನಿದ್ದೆಗೆಂದೇ ಹುಳಿ ಎಲಚಿಯ ಬೀಜದ ಪುಡಿಯೂ ಇದೆಯಂತೆ. "ನಾನು ಹಾಲು ಕೊಡ್ತಿದೀನಲ್ಲ ಅತ್ತೆ, ಡಾಕ್ಟರ್‌ನ ಕೇಳ್ದೆ ಪುಡಿಗಿಡಿ ಬೇಡ" ಎಂದಳು ಮೇಘನಾ. ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಾಗ ಅಂಗಡಿಯಾಕೆಯೂ ಸರಿಯೆಂದು ತಲೆಯಾಡಿಸಿದಳು. ಹಣ್ಣು ಮಾತ್ರ ಒಂದು ದೊಡ್ಡ ಪೊಟ್ಟಣ ಕೊಂಡೆವು. ಎಷ್ಟು ದಿನಕ್ಕೆ ಗುಣ ಕಾಣುತ್ತದೆ ಎಂದು ಮೇಘನಾಳಿಂದ ಕೇಳಿಸಿದೆ. ಒಂದು ದಿನದಲ್ಲಿ ಏನೂ ಆಗುವುದಿಲ್ಲ, ತಿಂಗಳುಗಟ್ಟಲೆ ತಿನ್ನಬೇಕು ಎಂದಳು. ನನಗಿದ್ದದ್ದು ಎರಡೇ ವಾರ.

ವಾಪಸು ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕಿರಣನ ಫೋನು ಬಂತು, ಪಾಪು ಹಾಲು ಕುಡಿದು ಮಲಗಿದೆ, ನಿಧಾನಕ್ಕೆ ಬನ್ನಿ ಎಂದ. ಮೇಘನಾ ಪೊಟ್ಟಣ ಬಿಚ್ಚಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, "ಚೆನ್ನಾಗಿದೆ, ಬೆಲ್ಲದ ಥರ" ಎಂದಳು. ರೈಲು ಸುರಂಗದಿಂದ ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ನನ್ನ ಹೆಗಲು ಭಾರವಾಯಿತೆಂದು ತಿರುಗಿ ನೋಡಿದೆ. ಅವಳ ಬಾಯಿ ಅರ್ಧ ತೆರೆದಿತ್ತು, ಸ್ಕಾರ್ಫುಗಳು ಜಾರಿ ಕಿವಿಗಳೆರಡೂ ಗಾಳಿಗೆ ಬಿದ್ದಿದ್ದವು. ಅಂಗೈಯಲ್ಲಿ ಹಣ್ಣಿನ ಬೀಜ ಇನ್ನೂ ಹಾಗೇ ಇತ್ತು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಒಂದು ಹಣ್ಣಿಗೆ ಅಷ್ಟು ಶಕ್ತಿ ಇರಲಾರದು. ಹೊರಗಿನ ಗಾಳಿಯೋ, ನಡೆದ ಸುಸ್ತೋ, ಆ ನಗುವೋ, ನನಗೆ ಗೊತ್ತಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು.

ಲಿನ್‌ವುಡ್ ಕೊನೆಯ ನಿಲ್ದಾಣ. ಎಲ್ಲರೂ ಇಳಿದರು. ಅವಳನ್ನು ಮಲಗಿಸಲು ಇಷ್ಟು ದಿನ ಒದ್ದಾಡಿದ ನಾನೇ ಈಗ ಎಬ್ಬಿಸಬೇಕಾಗಿತ್ತು. ಕೈ ಎತ್ತಿದೆ, ಮನಸ್ಸಾಗಲಿಲ್ಲ. ಸಮವಸ್ತ್ರದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತು, "ಲಾಸ್ಟ್ ಸ್ಟಾಪ್, ಮ್ಯಾಮ್" ಎಂದಳು. ನಾನು ನನ್ನ ಹರಕು ಇಂಗ್ಲಿಷಿನಲ್ಲಿ, "ನ್ಯೂ ಮದರ್. ನೋ ಸ್ಲೀಪ್, ಟು ಮಂತ್ಸ್" ಎಂದೆ. ಅವಳು ಮೇಘನಾಳನ್ನು ಒಂದು ಗಳಿಗೆ ನೋಡಿದಳು. ಇದೇ ರೈಲು ಇನ್ನು ಸ್ವಲ್ಪ ಹೊತ್ತಿಗೆ ಸಿಯಾಟಲ್‌ಗೆ ವಾಪಸು ಹೊರಡುತ್ತದೆ ಎಂದು ಪಿಸುಗುಟ್ಟಿ, ಸದ್ದಾಗದ ಹಾಗೆ ಹೆಜ್ಜೆಯಿಟ್ಟು ಹೋದಳು.

ಬಾಗಿಲು ಮುಚ್ಚಿತು. ರೈಲು ಬಂದ ದಾರಿಯಲ್ಲೇ ಮತ್ತೆ ಹೊರಟಿತು. ಇಳಿಯಬೇಕಾಗಿದ್ದ ನಿಲ್ದಾಣ ಹಿಂದೆ ಸರಿಯಿತು. ನಾನು ತಿರುಗಿ ನೋಡಲಿಲ್ಲ. ನೋಡಬೇಕಾದರೆ ಹೆಗಲು ಅಲುಗಬೇಕಿತ್ತು.