ಕತೆ ಸಿಗದ ಕೆಂಪು ತುಂಡು

ಬೆಳಿಗ್ಗೆ ಏಳು ಗಂಟೆಗೆ ಘೋಣಸಗಿಯಲ್ಲಿ ಜೀಪು ಹತ್ತಿದೆ. ಕೈಯಲ್ಲಿ ಶೇಂಗಾ ಹೋಳಿಗೆಯ ಡಬ್ಬಿ, ಬಗಲಲ್ಲಿ ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿದ ಕೌದಿಯ ಗಂಟು. ನನ್ನ ಸೊಸೆ ಸುಮಿತ್ರಾ ಬಬಲೇಶ್ವರದ ತವರಿನಲ್ಲಿ ಹೆಣ್ಣು ಹಡೆದಿದ್ದಳು, ಮರುದಿನ ತೊಟ್ಟಿಲು. ನಮ್ಮ ಮನೆಯಲ್ಲಿ ಎರಡು ತಲೆಮಾರು ಬರೀ ಗಂಡು. ಇದೇ ಮೊದಲ ಹೆಣ್ಣುಕೂಸು. ಥಂಡಿ ಗಾಳಿ ಕಿವಿ ಕೊರೆಯುತ್ತಿದ್ದರೂ ನನಗದು ಹತ್ತಲಿಲ್ಲ. ಜೀಪಿನಲ್ಲಿದ್ದವರಿಗೆಲ್ಲ ಕೇಳದಿದ್ದರೂ ಹೇಳಿದೆ, ಕೇಳಿದವರಿಗೆ ಇನ್ನೊಮ್ಮೆ ಹೇಳಿದೆ.

ಟಿಕೋಟಾದಲ್ಲಿ ಇಳಿದು ಚಹಾ ಕುಡಿದು ವಿಜಯಪುರದ ಬಸ್ಸು ಹಿಡಿದೆ. ಆಧಾರ್ ಕಾರ್ಡು ತೋರಿಸಿದರೆ ಹೆಣ್ಣುಮಕ್ಕಳಿಗೆ ಟಿಕೀಟು ಪುಕ್ಕಟೆ. ಕಂಡಕ್ಟರ್ ಗಂಟು ನೋಡಿ ನಕ್ಕ.

"ಅಜ್ಜಿ, ಹಾಸಿಗಿ ತಂದೀರಿ, ಮಂಚ ಎಲ್ಲೈತ್ರಿ?"

"ಮಂಚ ಅಲ್ಲ ತಮ್ಮಾ, ತೊಟ್ಟಿಲಾ. ಅದು ಬಬಲೇಶ್ವರದಾಗ ಐತಿ."

ಪಕ್ಕದ ಹೆಣ್ಣುಮಗಳು ಗಂಟಿನ ಮೂಲೆ ಸರಿಸಿ ನೋಡಿದಳು. ದ್ರಾಕ್ಷಿ ತೋಟಗಳು ಹಿಂದೆ ಸರಿಯುವವರೆಗೂ ಒಂದೊಂದೇ ತುಂಡು ಮುಟ್ಟಿಸಿ ಹೇಳಿದೆ. ಇದು ನಮ್ಮತ್ತೆಯ ಇಳಕಲ್ ಸೀರೆಯ ಸೆರಗು, ಇದನ್ನು ಉಟ್ಟೇ ಅವರು ನನ್ನನ್ನು ಮನೆ ತುಂಬಿಸಿಕೊಂಡದ್ದು. ಇದು ನನ್ನ ಮಗನ ಸಾಲಿ ಅಂಗಿ, ಪೇರಲ ಗಿಡದಿಂದ ಬಿದ್ದಾಗ ಹರಿದದ್ದು. ಕೌದಿಗೆ ತುಂಡು ಇಡುವಾಗ ಅದು ಯಾರದ್ದು, ಅವರಿಗೆ ಏನಾಗಿತ್ತು ಎಂದು ಹೇಳುತ್ತಲೇ ಹೊಲಿಯಬೇಕು. ನಮ್ಮ ಮನೆಯ ಪದ್ಧತಿ ಅದು. ದಾರ ಬಹಳ ಉದ್ದ ಹಾಕಿಕೊಂಡರೆ ಗಂಟು ಬೀಳುತ್ತದೆ, ಕತೆಯನ್ನೂ ಬಹಳ ಎಳೆದರೆ ಹಾಗೇ ಆಗುತ್ತದೆ.

"ನಟ್ಟನಡುವ ಯಾಕ ಖಾಲಿ ಬಿಟ್ಟೀಬೇ?" ಎಂದಳು ಆಕೆ.

ಅದೇ ನನ್ನ ಚಿಂತೆಯಾಗಿತ್ತು. ಅಲ್ಲಿ ಇಡಬೇಕಾದ ತುಂಡು ಕುಪ್ಪಸದೊಳಗೆ ಮಡಚಿಟ್ಟಿದ್ದೆ. ಎರಡು ಅಂಗೈ ಅಗಲ, ಕೆಂಪು ನೆಲದ ಮೇಲೆ ಹಳದಿ ಹೂವು. ಹಡೆಯಲು ತವರಿಗೆ ಹೋಗುವಾಗ ಸುಮಿತ್ರಾ ಕೊಟ್ಟುಹೋಗಿದ್ದು; ಆಕೆಯ ತಾಯಿ ಕಸ್ತೂರಿಯದು ಉಳಿದದ್ದು ಅದೊಂದೇ. ಸುಮಿತ್ರಾಗೆ ಒಂದೂವರೆ ವರ್ಷವಿದ್ದಾಗ ಆಕೆ ತೀರಿಹೋದಳು. ಆಕೆಯ ಗಂಡನನ್ನು, ನಮ್ಮ ಬೀಗರನ್ನು, ಕೇಳಿದರೆ "ಚೊಲೋ ಹೆಣ್ಣಮಗಳಿದ್ಲು" ಎಂದು ಹೇಳಿ ಕಣ್ಣು ಒರೆಸಿಕೊಳ್ಳುತ್ತಾರೆ, ಮುಂದೆ ಮಾತಿಲ್ಲ. ಸುಮಿತ್ರಾ ಫೋನಿನಲ್ಲಿ ಅಂದಿದ್ದಳು: "ಅತ್ತಿ, ನನಗ ಅವ್ವನ ಮಾರಿ ನೆನಪಿಲ್ಲ. ಅಕೀದು ಒಂದರ ಮಾತು ಸಿಕ್ರ ನನ್ನ ಕೂಸಿಗೆ ಹೇಳ್ತೀನಿ." ಕಸ್ತೂರಿಯ ಅಕ್ಕ ಶಾಂತಕ್ಕ ವಿಜಯಪುರದಲ್ಲಿದ್ದಾಳೆ ಎಂದು ತಿಳಿದದ್ದು ಹಿಂದಿನ ದಿನವಷ್ಟೇ.

ಬಸ್ ಸ್ಟ್ಯಾಂಡಿನಿಂದ ಆಟೋದವನು ಐವತ್ತು ಕೇಳಿದ, ನಲವತ್ತಕ್ಕೆ ಬಂದ. ಕೋಟೆಗೋಡೆಯ ಬದಿಯ ಸಣ್ಣ ಓಣಿಯಲ್ಲಿ ಶಾಂತಕ್ಕನ ಮನೆ ಸಿಕ್ಕಿತು. ಮೊಣಕಾಲು ನೋವಿನಿಂದ ಎಲ್ಲಿಗೂ ಹೋಗಲಾರದ ಮುದುಕಿ. ಸುಮಿತ್ರಾಳ ಅತ್ತೆ ನಾನು ಎಂದದ್ದೇ ಕೈ ಹಿಡಿದು ಕೂರಿಸಿ, ಬಿಸಿ ರೊಟ್ಟಿ, ಝುಣಕ ಬಡಿಸಿದಳು. ಉಂಡಮೇಲೆ ತುಂಡು ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದವಳು ನಗಲು ಶುರುಮಾಡಿದಳು.

"ಹೊಲಗಿ ತೂತು ನೋಡ್ರಿ ಯಕ್ಕಾ, ಸೊಟ್ಟಸೊಟ್ಟ, ಎತ್ತು ಉಚ್ಚಿ ಹೊಯ್ಕೋತ ಹೋದಂಗ! ನಮ್ಮ ಕಸ್ತೂರೀನ ಕೈ ಇದು. ಸುಮಿ ಹೊಟ್ಯಾಗ ಇದ್ದಾಗ ಹೊಲಿದ ಕೌದಿದು. ಕತಿ ಹೇಳ್ಕೋತ ಹೊಲಿಯಾಕಿ, ಸೂಜಿ ಎಲ್ಲಿ ಹೊಂಟೈತಿ ಅನ್ನೂದ ಮರಿಯಾಕಿ."

"ಬಟ್ಟಿ ಯಾರದ್ರಿ?"

"ಯಾರದೂ ಅಲ್ಲ. ಟೇಲರ್ ಅಂಗಡ್ಯಾಗಿನ ಚಿಂದಿ. ಕತಿ ಅಕೀನ ಕಟ್ಟಿದ್ದು."

ಇಷ್ಟು ದೂರ ಬಂದದ್ದು ಒಂದು ಸುಳ್ಳು ಕತೆಗೋ? ನಿಜವಾಗಿ ನಡೆದದ್ದನ್ನು ಮಾತ್ರ ಹೊಲಿದವಳು ನಾನು. ಶಾಂತಕ್ಕ ಆ ಕತೆ ಹೇಳುತ್ತ ಹೋದಳು. ಮುಗಿದಾಗ ನನ್ನ ಸೆರಗು ಹಸಿಯಾಗಿತ್ತು.

ಬಬಲೇಶ್ವರ ಮುಕ್ಕಾಲು ತಾಸಿನ ದಾರಿ. ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ನಿಂತೇ ಹೋದೆ. ನಾಲ್ಕು ಗಂಟೆಗೆ ಬೀಗರ ಮನೆ ಮುಟ್ಟಿ, ಕಾಲು ತೊಳೆದು, ಕೂಸನ್ನು ಎತ್ತಿಕೊಂಡೆ. ನಮ್ಮತ್ತೆಯದೇ ಮೂಗು! ಕುಣಿಯುವುದೊಂದು ಬಾಕಿ ಇತ್ತು. ಆಮೇಲೆ ಕೌದಿ ಹಾಸಿ ಕೆಂಪು ತುಂಡನ್ನು ನಡುವೆ ಇಟ್ಟೆ.

"ಅವ್ವನ ಮಾತು ಸಿಕ್ತೇನ್ರಿ ಅತ್ತಿ?" ಎಂದಳು ಸುಮಿತ್ರಾ.

"ಅಕೀನ ಕಟ್ಟಿದ ಕತಿ ಸಿಕ್ಕೈತಿ. ನಿನಗಂತ ಕಟ್ಟಿದ್ದು. ಕೇಳು."

ಒಬ್ಬ ಹುಡುಗಿ ಕೆಂಪು ಲಂಗ ಉಟ್ಟು ಗೋಳಗುಮ್ಮಟ ನೋಡಲು ಬಂದು ಮಂದಿಯಲ್ಲಿ ತಪ್ಪಿಸಿಕೊಂಡಳಂತೆ. ಗುಮ್ಮಟದೊಳಗೆ ನಿಂತು "ಯವ್ವಾ" ಎಂದು ಕೂಗಿದಳು. ಏಳು ಕಡೆಯಿಂದ "ಯವ್ವಾ" ಎಂದು ಬಂತು. ತನ್ನನ್ನು ಮುದ್ದಿನಿಂದ ಹಾಗೆ ಕರೆಯುತ್ತಿದ್ದವಳು ಅವ್ವ ಒಬ್ಬಳೇ. ಹಾಗಾದರೆ ಇಲ್ಲಿ ಏಳು ಅವ್ವಂದಿರಿದ್ದಾರೆ, ಇನ್ನೇಕೆ ಅಂಜಿಕೆ ಎಂದುಕೊಂಡು, ಆ ದನಿಗಳ ಕೈ ಹಿಡಿದು ಮನೆಗೆ ನಡೆದುಬಂದಳಂತೆ.

ಸುಮಿತ್ರಾ ಕೆಂಪು ತುಂಡಿನ ಸೊಟ್ಟ ತೂತುಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಕೈ ಚಾಚಿದಳು. "ಸೂಜಿ ಕೊಡ್ರಿ ಇಲ್ಲೆ."

"ಬಾಣಂತಿ ಸೂಜಿ ಹಿಡಿಬಾರ್ದು, ಕಣ್ಣಿಗೆ ತ್ರಾಸ ಆಗ್ತೈತಿ" ಎಂದು ನಾನೇ ಓಣಿಗೆಲ್ಲ ಹೇಳುವವಳು. ಬಾಗಿಲಲ್ಲಿ ನಿಂತಿದ್ದ ಬೀಗರನ್ನು ನೋಡಿದೆ. ಅವರು ಕಾಣದವರಂತೆ ಮುಖ ಆಚೆ ತಿರುಗಿಸಿದರು. ದಾರ ಪೋಣಿಸಿ ಕೊಟ್ಟೆ.

"ಏಳ ಹೊಲಗಿ ಅಷ್ಟ, ಹೆಚ್ಚಿಗಿ ಇಲ್ಲ."

ಒಂದೊಂದು ಹೊಲಿಗೆಗೂ ಆಕೆ "ಯವ್ವಾ" ಎಂದಳು. ಏಳನೆಯದಕ್ಕೆ ಕೂಸು ಎದ್ದು ಅತ್ತಿತು, ಎಲ್ಲರೂ ನಕ್ಕೆವು. ಹೊಲಿಗೆ ಸೊಟ್ಟಗಿತ್ತು, ಥೇಟ್ ಕಸ್ತೂರಿಯದು. ಉಳಿದದ್ದನ್ನು ನಾನು ಮುಗಿಸಿದೆ, ಆ ಏಳನ್ನು ಬಿಚ್ಚಿ ನೆಟ್ಟಗೆ ಮಾಡಲಿಲ್ಲ. ಮರುದಿನ ಅದೇ ಕೌದಿಯ ಮೇಲೆ ಕೂಸನ್ನು ಮಲಗಿಸಿ ತೊಟ್ಟಿಲು ತೂಗಿದೆವು. ಹೆಸರು ಕಸ್ತೂರಿ.

ಮೂರನೆಯ ದಿನ ಹೊರಳಿ ಬರುವಾಗ ವಿಜಯಪುರದ ಮನೆಗಳ ಮೇಲೆ ಗುಮ್ಮಟ ಕಂಡಿತು. ಬಸ್ಸು ತಿರುಗಿದ ಮೇಲೂ ಕುತ್ತಿಗೆ ಹೊರಳಿಸಿ ನೋಡಿದೆ. ಮಗ್ಗುಲಲ್ಲಿ ಕುಳಿತವಳು ಕೇಳಿದಳು, "ಏನ್ ನೋಡ್ತೀಬೇ, ಎಂದೂ ನೋಡಿಲ್ಲೇನ?"

"ನೋಡೇನವಾ" ಎಂದೆ. "ಒಳಗ ಯಾರದಾರಂತ ಮೊನ್ನೆ ಗೊತ್ತಾತು."