ಮೈಲಿಗಲ್ಲನ್ನು ಮಾತಾಡಿಸಿದ ಯಜಮಾನರು

ತಲೆಯ ಮೇಲೆ ಸಾವಿರಾರು ತೆಂಗಿನಕಾಯಿ ಇಟ್ಟುಕೊಂಡು ಬದುಕಬೇಕಾಗುತ್ತದೆ ಎಂದು ತಿಪಟೂರಿಗೆ ಹೊರಡುವಾಗ ನನಗೆ ಯಾರೂ ಹೇಳಿರಲಿಲ್ಲ. ಬಾಡಿಗೆ ಕೋಣೆಯ ಬಾಗಿಲು ತೆರೆದ ಗೌರಮ್ಮನವರು ಅಟ್ಟದ ಕಡೆ ಕೈ ತೋರಿಸಿ, "ಮ್ಯಾಲೆ ಕಾಯಿ ತುಂಬೈತೆ ಕಣವ್ವ. ಇಲಿ ಓಡಾಡಿದ್ರೆ ಉಳ್ಳಾಡ್ತಾವೆ, ಹೆದ್ರಬ್ಯಾಡ" ಎಂದರು. ನಾನು ಕುಂದಾಪುರದ ಕಡೆಯವಳು. ತೆಂಗಿನಕಾಯಿಯ ವಿಷಯ ನನಗೇ ಹೇಳಿಕೊಡುತ್ತಾರಲ್ಲ ಎಂದು ಒಳಗೊಳಗೇ ನಕ್ಕೆ. ಸಂಜೆ, ಸಾರಿಗೆ ಒಂದು ಕಾಯಿ ಬೇಕಿತ್ತು, ಅಟ್ಟದಿಂದ ನಾನೇ ತೆಗೆದುಕೊಳ್ಳಲಾ ಎಂದು ಕೇಳಿದೆ ನೋಡಿ, ಆ ತಾಯಿ ಕೊರಳ ಸರ ಬಿಚ್ಚಿಕೊಡಿ ಎಂದವಳನ್ನು ನೋಡುವ ಹಾಗೆ ನನ್ನನ್ನು ನೋಡಿದರು.

ನಮ್ಮಲ್ಲಿ ಕಾಯಿ ಬಿದ್ದ ದಿನವೇ ತುರಿದು ಮೀನಿನ ಸಾರಿಗೆ ರುಬ್ಬಿಬಿಡುತ್ತೇವೆ. ಇಲ್ಲಿ ಅದನ್ನು ಸುಮಾರು ಒಂದು ವರ್ಷ ಅಟ್ಟದಲ್ಲಿ ಹಾಗೇ ಇಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎಂದಾಗ ಅದು ಕೊಬ್ಬರಿ. ಸಾರಿನ ಕಾಯಿ ಬೇರೆ, ಅಟ್ಟದ ಕಾಯಿ ಬೇರೆ. ಇಷ್ಟು ತಿಳಿಯಲು ನನಗೆ ಒಂದು ದಿನ ಸಾಕಾಯಿತು. ಉಳಿದದ್ದು ತಿಳಿಯಲು ಎಂಟು ವರ್ಷವೂ ಸಾಲಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ರಸ್ತೆಗಳ ಸರ್ವೆ ಮಾಡಿ ನಕ್ಷೆ ಬರೆದುಕೊಡುವ ಒಂದು ಚಿಕ್ಕ ಖಾಸಗಿ ಕಚೇರಿಯಲ್ಲಿ ನನಗೆ ಟ್ರೇಸರ್ ಕೆಲಸ ಸಿಕ್ಕಿತ್ತು. ಅಂದರೆ ಇಂಜಿನಿಯರು ಪೆನ್ಸಿಲಿನಲ್ಲಿ ಎಳೆದದ್ದನ್ನು ನಾನು ತೆಳು ಹಾಳೆಯ ಮೇಲೆ ಶಾಯಿಯಲ್ಲಿ ತಿದ್ದಬೇಕು. ಕೆಲಸ ಸಿಕ್ಕಿದಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಒಂಟಿ ಹೆಂಗಸು, ಅದರ ಮೇಲೆ ಮೀನು ತಿನ್ನುವ ಊರಿನವಳು. ಮೂರು ಮನೆಯವರು ನನ್ನ ಊರಿನ ಹೆಸರು ಕೇಳುತ್ತಲೇ ಕೋಣೆ ಖಾಲಿ ಇಲ್ಲ ಎಂದರು. ಗೌರಮ್ಮನವರದು ಹಳೆಯ ಲಿಂಗಾಯತರ ಮನೆ. ಆದರೂ ಅವರೊಬ್ಬರೇ ನೇರವಾಗಿ ಮಾತಾಡಿದ್ದು. "ನಮ್ಮನೇಲಿ ಅದೆಲ್ಲ ಬ್ಯಾಡ ಕಣವ್ವ. ಹೊರ್ಗಡೆ ನೀನು ಏನ್ ತಿಂತೀಯೋ ನಾನು ಕೇಳಲ್ಲ" ಎಂದು ಬೀಗದ ಕೈ ಕೊಟ್ಟರು.

ಮೊದಲ ಆರು ತಿಂಗಳು ಭಾನುವಾರ ಬಂದರೆ ಅಳು ಬರುತ್ತಿತ್ತು. ನಾನು 'ಎಂತ' ಎಂದು ಬಾಯಿ ತೆರೆದರೆ ಕಚೇರಿಯಲ್ಲಿ ನಗು. ಬಿಡು ಎನ್ನುವುದಕ್ಕೆ ಅವರು 'ಬುಡು' ಎಂದರೆ ನನಗೆ ನಗು. ಒಂದೇ ಭಾಷೆಯವರು ಒಬ್ಬರಿಗೊಬ್ಬರು ಇಷ್ಟು ಪರಕೀಯರಾಗಬಹುದು ಎಂದು ನಾನು ಅಂದುಕೊಂಡಿರಲಿಲ್ಲ. ರಾಗಿ ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂದು ಗೌರಮ್ಮ ಎದುರು ಕೂತು ಕಲಿಸಿದರು. ಗಂಟಲಲ್ಲಿ ಸಿಕ್ಕಿ ಕಣ್ಣಲ್ಲಿ ನೀರು ಬಂದರೆ, "ಅಯ್ಯೋ ನಿನ್ನ, ಸಾರಿನಾಗೆ ಚೆನ್ನಾಗಿ ಅದ್ದೇ" ಎಂದು ನಗುತ್ತಿದ್ದರು. ಒಮ್ಮೆ ಟೈಫಾಯ್ಡ್ ಆಗಿ ಹದಿನೈದು ದಿನ ಮಲಗಿದೆ. ಆಗ ಗಂಜಿ ಕುಡಿಸಿದ್ದು ಅವರು. ದಿನವೂ ತೋಟದಿಂದ ಎಳನೀರು ತಂದು ಕೆತ್ತಿಕೊಟ್ಟದ್ದು ಅವರ ಯಜಮಾನರು ಗಂಗಾಧರಪ್ಪನವರು. ಗುಣವಾದ ಮೇಲೆ ಅವರ ಪಂಕ್ತಿಯಲ್ಲೇ ನನ್ನ ತಟ್ಟೆಯನ್ನೂ ಇಡತೊಡಗಿದರು. ಇಷ್ಟು ದೂರದ ಊರಿನಲ್ಲಿ ಅದು ಎಂಥ ದೊಡ್ಡ ವಿಷಯ ಎಂದು ಮನೆ ಬಿಟ್ಟವರಿಗೇ ಗೊತ್ತು.

ಗಂಗಾಧರಪ್ಪನವರಿಗೆ ಎಪ್ಪತ್ತು ದಾಟಿತ್ತು. ಹೊನ್ನವಳ್ಳಿ ಕಡೆ ಹೋಗುವ ದಾರಿಯಲ್ಲಿ ಅವರ ತೋಟ. ಪ್ರತಿ ಬೆಳಿಗ್ಗೆ ಮೊಪೆಡ್ ಏರಿ ಹೋಗಬೇಕು, ಪಂಪು ಹಾಕಬೇಕು, ಆಳುಗಳನ್ನು ಒಂದು ಸುತ್ತು ಬೈಯಬೇಕು, ಮಧ್ಯಾಹ್ನ ಊಟಕ್ಕೆ ಬರಬೇಕು. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು. ಇನ್ನೊಂದು ಕಣ್ಣಿನದು ನರದ ತೊಂದರೆ, ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿದ್ದರಂತೆ. ಮೊಪೆಡ್ ಬಿಡಿ ಎಂದು ಗೌರಮ್ಮ, ಬಿಟ್ಟರೆ ಸತ್ತಂತೆ ಎಂದು ಇವರು. ದಿನಾ ಇದೇ ಜಗಳ. ಕೊನೆಗೆ ಒಂದು ದಿನ ಯಜಮಾನರು ನನ್ನ ಕಡೆ ತಿರುಗಿ, "ಇವ್ಳು ರಸ್ತೆ ಕೆಲ್ಸದೋಳು. ನನ್ ಹಿಂದೆ ಕುಂತು ತೋಟದ ಗಂಟ ಬರ್ಲಿ. ಬ್ಯಾಡ ಅಂತ ಇವ್ಳು ಹೇಳಿದ್ರೆ ಆವತ್ತೇ ಬುಟ್ಬುಡ್ತೀನಿ" ಎಂದರು.

ಹೋದೆ. ಅದು ಒಂದೇ ಬಸ್ಸಿನಷ್ಟು ಅಗಲದ ಡಾಂಬರು ರಸ್ತೆ. ಅಂಚು ಒಡೆದು, ಪಕ್ಕದ ಮಣ್ಣು ಗೇಣು ಆಳಕ್ಕೆ ಇಳಿದಿತ್ತು. ಎದುರಿಗೆ ಬಸ್ಸು ಬಂದರೆ ಸೈಕಲ್ಲಿನವರು ಆ ಹಳ್ಳಕ್ಕೆ ಧುಮುಕಬೇಕು, ನಡೆಯುವವರು ಬೇಲಿಗೆ ಒರಗಬೇಕು. ಯಜಮಾನರು ಮೆಲ್ಲಗೆ ಓಡಿಸುತ್ತಿದ್ದರು. ಅವರ ಕಣ್ಣು ರಸ್ತೆಯ ಮೇಲೆ ಇರಲಿಲ್ಲ, ಸಾಲುಮರಗಳಿಗೆ ಬಳಿದ ಸುಣ್ಣದ ಪಟ್ಟಿಗಳ ಮೇಲೆ ಇತ್ತು. "ಬಿಳೀದು ಎಡಕ್ಕೆ ಹೋದ್ರೆ ನಾನೂ ಎಡಕ್ಕೆ, ಅಷ್ಟೆಯ" ಎಂದು ಗುಟ್ಟು ಹೇಳಿದರು. ಎದುರಿಗೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಬರುತ್ತಿದ್ದಳು. ನಾನು ಕಿರುಚಿದ ಮೇಲೆಯೇ ಅವರು ಬ್ರೇಕು ಹಿಡಿದದ್ದು. ಮುಂದೆ ಒಂದು ಕಡೆ ಮೊಪೆಡ್ ನಿಧಾನ ಮಾಡಿ, ಕೈ ಎತ್ತಿ, "ಏನ್ಲಾ ಸಿದ್ರಾಮ, ಬಸ್ಸಿಗೆ ಕುಂತಿದೀಯ?" ಎಂದು ಮಾತಾಡಿಸಿದರು.

ಅಲ್ಲಿ ಯಾವ ಸಿದ್ರಾಮನೂ ಇರಲಿಲ್ಲ. ಸುಣ್ಣ ಬಳಿದ ಮೈಲಿಗಲ್ಲು ಇತ್ತು.

"ಅದು ಕಲ್ಲು ಯಜಮಾನ್ರೇ" ಎಂದೆ. ಜೋರಾಗಿ ನಕ್ಕರು. ನಾನೂ ನಕ್ಕೆ. ಬೆಳಗಿನ ಹತ್ತು ಗಂಟೆ, ಕಣ್ಣು ಕುಕ್ಕುವ ಬಿಸಿಲು. ಸೀಟಿನ ಹಿಂದಿನ ಕಂಬಿಯನ್ನು ತೋಟ ಬರುವ ತನಕ ನಾನು ಬಿಡಲಿಲ್ಲ.

ಮನೆಗೆ ಬಂದಾಗ ಗೌರಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂತೀಯವ್ವ?" ಯಜಮಾನರು ಚಪ್ಪಲಿ ಬಿಡುವ ನೆವದಲ್ಲಿ ಬಗ್ಗಿಕೊಂಡೇ ನಿಂತಿದ್ದರು. ನಾನು ಹೇಳಿದ್ದು ಇಷ್ಟೇ: "ಯಜಮಾನ್ರದ್ದು ತೊಂದರೆ ಇಲ್ಲ ಅಮ್ಮ. ರಸ್ತೆ ಸರಿ ಇಲ್ಲ. ರಸ್ತೆ ಸರಿ ಮಾಡಿದ್ರೆ ಆಯ್ತು."

ರಸ್ತೆ ಸರಿ ಇರಲಿಲ್ಲ ಎನ್ನುವುದು ಸುಳ್ಳಲ್ಲ. ಮುಂದಿನ ವರ್ಷ ಅದೇ ರಸ್ತೆಯ ನಕ್ಷೆಯ ಕೆಲಸ ನಮ್ಮ ಕಚೇರಿಗೆ ಬಂದಾಗ ನಾನು ಹಟಕ್ಕೆ ಬಿದ್ದೆ. ಡಾಂಬರು ಅಗಲ ಮಾಡಿದರೆ ಮುಗಿಯಿತು ಎಂದು ಇಂಜಿನಿಯರು. ಅಗಲ ಮಾಡಿದರೆ ಬಸ್ಸು ಇನ್ನೂ ಜೋರಾಗಿ ಹೋಗುತ್ತದೆ, ನಡೆಯುವವರು ಎಲ್ಲಿಗೆ ಹೋಗಬೇಕು ಸಾರ್ ಎಂದು ನಾನು. ಟ್ರೇಸರ್ ಕೆಲಸದವಳು ಬಾಯಿ ಮಾಡಬಾರದು, ಗೊತ್ತು. ಆದರೂ ಮಾಡಿದೆ. ನಾನು ಕೇಳಿದ್ದು ಇಷ್ಟು: ಡಾಂಬರಿನ ಎರಡೂ ಬದಿಗೆ ಅದರ ಮಟ್ಟಕ್ಕೇ ಗಟ್ಟಿ ಜಲ್ಲಿಮಣ್ಣಿನ ಅಂಚು, ಎರಡು ಸೈಕಲ್ ಜೊತೆಯಾಗಿ ಹೋಗುವಷ್ಟು ಅಗಲ. ಡಾಂಬರು ಮುಗಿಯುವಲ್ಲಿ ಬಿಳಿ ಗೆರೆ. ತಿರುವಿನಲ್ಲಿ ಮಂದ ಕಣ್ಣಿಗೂ ಕಾಣುವ ಹಾಗೆ ಹತ್ತಿರ ಹತ್ತಿರ ಬಿಳಿ ಕಲ್ಲು. ಇಂಜಿನಿಯರು ಗೊಣಗಿ, ಕೊನೆಗೆ, "ಏನಾದ್ರೂ ಮಾಡ್ಕೊಳ್ರೀ, ನನ್ ತಲೆ ತಿನ್ಬೇಡಿ" ಎಂದು ಸಹಿ ಹಾಕಿದರು. ಎಲ್ಲ ಹಾಗೆಯೇ ಆಯಿತು. ನಾನು ಎಳೆದ ಗೆರೆಯ ಮೇಲೆ ಜನ ನಡೆಯುವುದನ್ನು ನೋಡಲೆಂದೇ ಒಂದು ಭಾನುವಾರ ಬಸ್ಸು ಹತ್ತಿ ಹೋಗಿದ್ದೆ.

ಮೊದಲು ಹೊಗಳಿದ್ದು ದರ್ಜಿ ಬಾಷಾಸಾಬ್. ಪೇಟೆಯಲ್ಲಿ ಅವರದೊಂದು ಮೆಷಿನ್ನು. ಹೊಲಿದ ರವಿಕೆ, ಶಾಲೆಯ ಯೂನಿಫಾರಂ ಎಲ್ಲ ಕ್ಯಾರಿಯರಿಗೆ ಕಟ್ಟಿಕೊಂಡು ಹಳ್ಳಿಗಳಿಗೆ ಸೈಕಲ್ಲಿನಲ್ಲಿ ಹೋಗಿ ಕೊಟ್ಟುಬರುವವರು. "ಮೇಡಮ್ಮೋರೇ, ಬಸ್ಸಿನೋನು ಎಷ್ಟು ಹಾರನ್ ಹೊಡುದ್ರೂ ನಾನೀಗ ಕೆಳಕ್ಕಿಳಿಯಲ್ಲ. ನಮ್ದೂ ಅಂತ ಒಂದು ರೋಡ್ ಆಯ್ತು" ಎಂದರು. ನನ್ನ ರವಿಕೆಯನ್ನು ಆ ವಾರ ಹೇಳಿದ ದಿನವೇ ಕೊಟ್ಟರು.

ಆ ಸಂತೋಷ ಕೊಬ್ಬರಿ ಸುಲಿಯುವ ತನಕ. ಸುಲಿದ ಸಿಪ್ಪೆಗೆ ಇಲ್ಲಿ ಮಟ್ಟೆ ಎನ್ನುತ್ತಾರೆ. ನಾರಿನ ಕಾರ್ಖಾನೆಯ ಲಾರಿ ಬಂದು ಒಯ್ಯುವ ತನಕ ಅದನ್ನು ರಸ್ತೆ ಪಕ್ಕದಲ್ಲೇ ಗುಡ್ಡೆ ಹಾಕುವುದು ರೂಢಿ. ಮೊದಲು ಹಳ್ಳದಲ್ಲಿ ಹಾಕುತ್ತಿದ್ದರು. ಈಗ ಚೊಕ್ಕವಾಗಿ, ಸಮವಾಗಿ, ನೀರು ನಿಲ್ಲದ ಹಾಗೆ ನಾನೇ ಜಾಗ ಮಾಡಿಸಿಕೊಟ್ಟಿದ್ದೆನಲ್ಲ! ನನ್ನ ಸೈಕಲ್ ದಾರಿಯ ತುಂಬ ಆಳೆತ್ತರದ ಮಟ್ಟೆ ಗುಡ್ಡೆಗಳು. ತಿರುವಿನ ಬಿಳಿ ಕಲ್ಲುಗಳನ್ನು ಮುಚ್ಚಿ ನಿಂತಿದ್ದ ಅತಿ ದೊಡ್ಡ ಗುಡ್ಡೆ ಗಂಗಾಧರಪ್ಪನವರದು. ಸೈಕಲ್ಲಿನವರು ಪುನಃ ಡಾಂಬರಿಗೆ ಬಂದರು, ಈ ಬಾರಿ ಗುಡ್ಡೆಯ ಮರೆಯಿಂದ ದಿಢೀರನೆ.

"ಯಜಮಾನ್ರೇ, ಅದು ನಿಮಗೇ ಅಂತ ಹಾಕಿಸಿದ ಕಲ್ಲು" ಎಂದೆ. "ಲಾರಿಯೋನು ನಾಳೆ ಬತ್ತಾನೆ ಕಣವ್ವ. ಎಷ್ಟು ಚೆಂದಾಗಿ ಮಟ್ಟ ಮಾಡ್ಸಿದೀಯ, ಮಟ್ಟೆ ಗರಿಗರಿ ಒಣಗ್ತೈತೆ" ಎಂದು ನನ್ನನ್ನೇ ಹೊಗಳಿದರು. ಆ ನಾಳೆ ತಿಂಗಳಾದರೂ ಬರಲಿಲ್ಲ. ನಾನೂ ಬಾಡಿಗೆಯವಳು, ಎಷ್ಟು ಅಂತ ಹೇಳಲಿ? ಸುಮ್ಮನಾದೆ.

ದೀಪಾವಳಿಗೆ ಮುಂಚೆ, ಹೊಲಿಗೆಯವರಿಗೆ ಕೈತುಂಬ ಕೆಲಸ ಇರುವ ದಿನಗಳು. ಬಾಷಾಸಾಬ್ ಆ ಗುಡ್ಡೆ ಸುತ್ತಿ ಡಾಂಬರಿಗೆ ಬಂದರು. ತೋಟದಿಂದ ಯಜಮಾನರು ಎದುರಿಗೆ ಬಂದರು. ಮೊಪೆಡ್ ಸೈಕಲ್ಲಿಗೆ ಗುದ್ದಿತು. ಯಜಮಾನರಿಗೆ ಮಂಡಿ ತರಚಿತು, ಅಷ್ಟೆ. ಬಾಷಾಸಾಬರ ಬಲಗಾಲಿನ ಮೂಳೆ ಹಿಮ್ಮಡಿಗಿಂತ ಸ್ವಲ್ಪ ಮೇಲೆ ಮುರಿಯಿತು. ಅದು ಮೆಷಿನ್ ತುಳಿಯುವ ಕಾಲು.

ಯಜಮಾನರೂ ನಾನೂ ನೋಡಲು ಹೋದಾಗ ಬಾಷಾಸಾಬ್ ಮಂಚದಿಂದಲೇ ಕೈ ಮುಗಿದು, "ನಂದೇ ತಪ್ಪು ಯಜಮಾನ್ರೇ, ನಾನೇ ನೋಡ್ದಂಗೆ ನುಗ್ಬುಟ್ಟೆ" ಎಂದರು. ಗೋಡೆಯ ಬದಿಯಲ್ಲಿ ಮೆಷಿನ್ನಿಗೆ ಬಟ್ಟೆ ಹೊದಿಸಿದ್ದರು. ಅರ್ಧ ಹೊಲಿದ ಯೂನಿಫಾರಂಗಳು ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಯಜಮಾನರು ಆ ರಾಶಿಯನ್ನು ಹತ್ತಿರ ಹೋಗಿ ಮುಟ್ಟಿ ನೋಡಿದರು, ಏನೆಂದು ತಿಳಿಯಲು. ಮನೆಗೆ ಬಂದು ಜಗಲಿಯ ಮೇಲೆ ಕೂತರು.

"ಅವ್ನು ತನ್ದೇ ತಪ್ಪು ಅಂತಾನೆ. ಗೌರಿ ಮಟ್ಟೆದು ಅಂತಾಳೆ. ನೀನು ರಸ್ತೆಯೋಳು. ನೀನ್ ಹೇಳು."

ಮಟ್ಟೆಯದು ಎಂದುಬಿಡಬಹುದಿತ್ತು. ಅದೂ ನಿಜವೇ. ಆದರೆ ಆ ಯೂನಿಫಾರಂ ರಾಶಿ ಕಣ್ಣ ಮುಂದೆ ಇತ್ತು.

"ಮಟ್ಟೆ ಅಡ್ಡ ಇತ್ತು, ಹೌದು. ಆದ್ರೆ ನಿಮಗೆ ಕಣ್ಣು ಕಾಣ್ಸುದಿಲ್ಲ ಯಜಮಾನ್ರೇ. ಇನ್ನು ಗಾಡಿ ಮುಟ್ಟಬೇಡಿ. ನೀವು ಕಲ್ಲನ್ನ ಮಾತಾಡಿಸಿದ್ರಲ್ಲ, ಆವತ್ತೇ ನಂಗೆ ಗೊತ್ತಾಗಿತ್ತು."

"ಮತ್ತೆ ಆವತ್ತೇ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಮನೆ ಬಿಡಿಸ್ತೀರಿ ಅಂತ ಹೆದರಿದೆ. ಈ ಊರಲ್ಲಿ ನಂಗೆ ಇದ್ದದ್ದು ಇದೊಂದೇ ಮನೆ."

"ಬುಡಿಸ್ತಿದ್ದೆ ಕಣವ್ವ" ಎಂದರು. ಸುಳ್ಳು ಹೇಳುವ ಮನುಷ್ಯ ಅಲ್ಲ.

"ಈಗ?"

"ಈಗ ಬುಡು. ಮನೆ ಹೆಣ್ಮಗಳ್ನ ಎಲ್ಲಿಗೆ ಅಂತ ಕಳ್ಸಾನ."

ಅಷ್ಟು ಹೇಳಿದವರು ಎದ್ದು ಒಳಗೆ ಹೋದರು. ಆಮೇಲೆ ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಗೌರಮ್ಮನವರೂ ಅನ್ನ ಬಡಿಸುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಗಂಡ ಮೊಪೆಡ್ ಬಿಡಲಿ ಎಂದು ವರ್ಷಗಟ್ಟಲೆ ಜಗಳವಾಡಿದವರು, ಬಿಟ್ಟ ಮೇಲೆ ಅವರು ನಡುಮನೆಯಲ್ಲಿ ಸುಮ್ಮನೆ ಕೂತಿರುವುದನ್ನು ನೋಡಲಾರದೆ ಹೋದರು. ನಾನು ಬಾಗಿಲು ಹಾಕಿಕೊಂಡು ಅತ್ತೆ. ಸರಿಯಾದದ್ದನ್ನು ಹೇಳಿದರೂ ಒಬ್ಬ ಮುದುಕರ ತೋಟ ಕಿತ್ತುಕೊಂಡೆನಲ್ಲ ಎಂಬ ಸಂಕಟ ಇವತ್ತಿಗೂ ಹೋಗಿಲ್ಲ. ಮೊದಲೇ ಹೇಳಿದ್ದರೆ ಬಾಷಾಸಾಬರ ಕಾಲು ಮುರಿಯುತ್ತಿರಲಿಲ್ಲ ಎಂಬ ಸಂಕಟವೂ ಹೋಗಿಲ್ಲ. ಕಾಲು ಕೂಡಿತು, ಆದರೆ ಹಳ್ಳಿ ತಿರುಗುವುದನ್ನು ಅವರು ಬಿಟ್ಟರು.

ಯಜಮಾನರು ಗುಡ್ಡೆಯನ್ನು ಆಳು ಹಚ್ಚಿ ತೆಗೆಸಿದರು. ಈಗ ವಾರಕ್ಕೆ ಎರಡು ಸಲ ಬಸ್ಸಿನಲ್ಲಿ ಹೋಗಿ, ಸ್ಟಾಪಿನಿಂದ ತೋಟಕ್ಕೆ ಆ ಜಲ್ಲಿಮಣ್ಣಿನ ಅಂಚಿನ ಮೇಲೆ ಕೋಲೂರಿಕೊಂಡು ನಡೆಯುತ್ತಾರೆ. ಬೇರೆಯವರ ಮಟ್ಟೆ ಅಡ್ಡ ಸಿಕ್ಕರೆ ಊರು ಕೇಳುವ ಹಾಗೆ ಬೈಯುತ್ತಾರೆ. ಬೈಸಿಕೊಂಡವರು ಆ ದಿನ ತೆಗೆಯುತ್ತಾರೆ, ಮುಂದಿನ ಸುಗ್ಗಿಗೆ ಮತ್ತೆ ಹಾಕುತ್ತಾರೆ. ನಾನು ಈ ಎಂಟು ವರ್ಷದಲ್ಲಿ ತುರುವೇಕೆರೆ ಕಡೆ, ಹುಳಿಯಾರು ಕಡೆ ಎಷ್ಟೋ ರಸ್ತೆಗಳಿಗೆ ಇಂಥದೇ ಅಂಚು ಬರೆದೆ. ಎಲ್ಲ ಕಡೆಯೂ ಇದೇ ಪಾಡು. ಸುಸ್ತಾಗಿದೆ ಮಾರಾಯ್ರೆ, ನಿಜಕ್ಕೂ ಸುಸ್ತಾಗಿದೆ.

ಈ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿಗೆ ಅಪ್ಪ ಸ್ಕೂಟರ್ ತಂದಿದ್ದರು. ಅಣ್ಣನ ಮಕ್ಕಳನ್ನು ದಿನಾ ಶಾಲೆಗೆ ಬಿಡುವುದೂ ಅವರೇ ಅಂತೆ, ಅದೇ ಸ್ಕೂಟರಿನಲ್ಲಿ. ನಾನು ಹಿಂದೆ ಕೂತೆ. ಹೆದ್ದಾರಿ ದಾಟುವಾಗ ಎಡಗಡೆಯಿಂದ ಬರುತ್ತಿದ್ದ ಲಾರಿಯನ್ನು ಅಪ್ಪ ನೋಡಲಿಲ್ಲ. ಲಾರಿಯವನು ನೋಡಿದ, ಬದುಕಿದೆವು. ಮನೆ ಮುಟ್ಟುವ ತನಕ ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ತಿಪಟೂರಿನಲ್ಲಿ ಪರರ ಮನೆಯ ಯಜಮಾನರಿಗೆ ಹೇಳಿದವಳು ಹೆತ್ತ ಅಪ್ಪನಿಗೆ ಹೇಳಲಾರದೆ ಹೋದೆ. ನಾಲ್ಕು ದಿನಕ್ಕೆ ಹೋದವಳು, ಬಂಗುಡೆ ಮೀನಿನ ಸಾರು ಮಾಡಿ ಕಾದಿದ್ದರು, ಹೇಗೆ ಹೇಳುವುದು? ತಿಪಟೂರಿನಲ್ಲಿ ನಾನು ಮನೆಯ ಹೆಣ್ಣುಮಗಳು, ಹುಟ್ಟಿದ ಮನೆಯಲ್ಲಿ ನೆಂಟಳಾಗಿದ್ದೇನೆ. ಹೊರಡುವ ದಿನವೂ ಅಪ್ಪನೇ ಸ್ಕೂಟರಿನಲ್ಲಿ ತಂದು ಬಿಟ್ಟರು, ನಾನು ಟಾಟಾ ಮಾಡಿದೆ.

ಈ ಪತ್ರಿಕೆಯನ್ನು ಅಪ್ಪ ಒಂದಕ್ಷರ ಬಿಡದೆ ಓದುತ್ತಾರೆ. ಅದಕ್ಕೇ ಇದನ್ನು ಬರೆದೆ.